ಹಬ್ಬವಿಲ್ಲದ ವರ್ಷದ ಹಾಡು

ಹೋದ ವಾರ ಹೊಸಕೋಟೆಯ ಹಳೇ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಫ್ಯಾನ್ಸಿ ಸ್ಟೋರಿನ ಮುಂದೆ ನಿಂತಿದ್ದೆ. ಕೊಳ್ಳಲು ಹೋಗಿದ್ದು ಟಾರ್ಚಿನ ಸೆಲ್ಲು. ಅಂಗಡಿಯವನು ಕ್ರಿಸ್ಮಸ್ಸಿನ ಕಾಗದದ ನಕ್ಷತ್ರವೊಂದನ್ನು ಬಿಡಿಸಿ, ಒಳಗೆ ಬಲ್ಬು ಸಿಕ್ಕಿಸಿ, ಗಿರಾಕಿಗೆ ಉರಿಸಿ ತೋರಿಸುತ್ತಿದ್ದ. ಬಲ್ಬಿನ ಶಾಖಕ್ಕೆ ಬಣ್ಣದ ಕಾಗದ ಬಿಸಿಯಾದಾಗ ಒಂದು ವಾಸನೆ ಬರುತ್ತದೆ, ನೀವು ಗಮನಿಸಿದ್ದೀರೋ ಇಲ್ಲವೋ. ಒಳ್ಳೆಯ ವಾಸನೆ ಎನ್ನಲಾರೆ, ಕೆಟ್ಟದ್ದೂ ಅಲ್ಲ. ಅದು ಮೂಗಿಗೆ ಬಡಿದದ್ದೇ ತಡ, ನಗಬೇಕೋ ಕಣ್ಣೊರೆಸಿಕೊಳ್ಳಬೇಕೋ ತಿಳಿಯದೆ, ಕೊಂಡ ಸೆಲ್ಲನ್ನು ಅಂಗಡಿಯ ಕಟ್ಟೆಯ ಮೇಲೇ ಬಿಟ್ಟು ಬಸ್ಸು ಹತ್ತಿಬಿಟ್ಟೆ. ಮಕ್ಕಳಿಗೆ ಗಣಿತ ಹೇಳುವ ಮೇಷ್ಟರ ಪಾಡು ಇದು.

ಇದಕ್ಕೆ ಕಾರಣ ಹೇಳಬೇಕಾದರೆ ಏಳು ವರ್ಷ ಹಿಂದೆ ಹೋಗಬೇಕು. ಆ ವರ್ಷ ಶಿವರಾತ್ರಿ ಕಳೆದ ಎರಡು ದಿನಕ್ಕೆ ನಮ್ಮಪ್ಪ ತೀರಿಕೊಂಡರು. ಬೂದಿಗೆರೆಯಲ್ಲಿ ನಮ್ಮದು ಹಳೆಯ ಮನೆ, ಊರಿನ ಅಂಚಿನಲ್ಲಿ ಒಂದಿಷ್ಟು ತೋಟ. ಅಪ್ಪನ ದಿನವೆಲ್ಲ ತೋಟದಲ್ಲಿ, ಸಂಜೆ ಭಜನೆ ಮಂದಿರದಲ್ಲಿ. ಭಜನೆಯಲ್ಲಿ ಅವರದು ತಾಳ. ಹಾಡುವವರು ಒಂದು ಕಡೆ ಹೋದರೆ ಅಪ್ಪನ ತಾಳ ಅರ್ಧ ಮೈಲಿ ಹಿಂದೆ ನಿಧಾನವಾಗಿ ಬರುತ್ತಿತ್ತು. ಯಾರೂ ಏನೂ ಅನ್ನುತ್ತಿರಲಿಲ್ಲ, ಏಕೆಂದರೆ ಪ್ರಸಾದದ ಕಡಲೆಗೆ ಒಗ್ಗರಣೆ ಹಾಕುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ.

ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬವಿಲ್ಲ. ಅದನ್ನು ಕಾಯಲೆಂದೇ ಅಪ್ಪನ ಅಕ್ಕ, ನಮ್ಮ ನಂಜಮ್ಮತ್ತೆ, ಆ ವರ್ಷ ನಮ್ಮಲ್ಲೇ ಬಂದು ಇದ್ದುಬಿಟ್ಟರು. ಯುಗಾದಿಗೆ ತೋರಣ ಬೇಡ ಎಂದರು, ಗೌರಿಗೆ ಬಳೆ ಬೇಡ ಎಂದರು. ದೀಪಾವಳಿಗೆ ಬೀದಿಯೆಲ್ಲ ಬೆಳಗುತ್ತಿದ್ದರೆ ನಮ್ಮ ಜಗುಲಿ ಕತ್ತಲಾಗಿತ್ತು. ಟಿವಿಯ ಮೇಲೆ ಅತ್ತೆಯೇ ಹಳೇ ಪಂಚೆ ಹೊದಿಸಿದ್ದರು. ಅಪ್ಪನ ಫೋಟೋಗೆ ಕಟ್ಟು ಹಾಕಿಸಿ ತಂದರೆ ಅಮ್ಮ ಅದನ್ನು ನೋಡಲಾರದೆ ಬೀರುವಿನೊಳಗೆ ಇಟ್ಟು ಬೀಗ ಹಾಕಿದಳು.

ಅಮ್ಮನ ವಿಷಯವೇ ನಮಗೆ ದೊಡ್ಡ ಚಿಂತೆಯಾಗಿತ್ತು. ಅಪ್ಪನನ್ನು ಎತ್ತಿಕೊಂಡು ಹೋದ ದಿನವೂ ಅವಳು ಅಳಲಿಲ್ಲ. ಆಮೇಲೆ ಮಾತೂ ನಿಂತಿತು. ಊಟ ಬಡಿಸಿದರೆ ಹೂಂ, ಡಾಕ್ಟರ ಹತ್ತಿರ ಹೋಗೋಣವೆಂದರೆ ಉಹೂಂ. ಹತ್ತು ತಿಂಗಳು ಈ ಎರಡೇ ಶಬ್ದ. ಹೊಸಿಲ ಪಕ್ಕ ಕೂತು ಬೀದಿ ನೋಡುತ್ತಿದ್ದಳು. ಅಪ್ಪನ ಜೊತೆ ಅಮ್ಮನೂ ಹೋಗಿಬಿಟ್ಟಳೇನೋ, ಇಲ್ಲಿ ಕೂತಿರುವುದು ಬರೀ ಸೀರೆಯೇನೋ ಎಂದು ನನಗೆ ಭಯವಾಗುತ್ತಿತ್ತು.

ಡಿಸೆಂಬರಿನಲ್ಲಿ ನನ್ನ ಹೆಂಡತಿ ಸುಮಾ ಒಂದು ಕಾಗದದ ನಕ್ಷತ್ರ ತಂದು ಜಗುಲಿಗೆ ನೇತುಹಾಕಿದಳು. ಕೆಂಪು, ಚುಕ್ಕೆ ಚುಕ್ಕೆ ತೂತಿನದು. ಒಳಗಿನ ಬಲ್ಬಿಗೆ ಕಾಗದ ಬಿಸಿಯಾಗಿ ಜಗುಲಿಯೆಲ್ಲ ಆ ವಾಸನೆ.

“ಇದ್ಯಾಕೆ?” ಎಂದೆ.

“ದೀಪಾವಳೀಗೂ ಒಂದು ದೀಪ ಹಚ್ಲಿಲ್ಲ ರೀ. ಮನೆ ನೋಡಿದ್ರೆ ಭಯ ಆಗುತ್ತೆ. ಇದು ನಮ್ಮ ಹಬ್ಬ ಅಲ್ವಲ್ಲ, ಪರವಾಗಿಲ್ಲ.”

ಅತ್ತೆ ಕನ್ನಡಕ ಏರಿಸಿ ನಕ್ಷತ್ರವನ್ನು ಬಹಳ ಹೊತ್ತು ನೋಡಿದರು. ಇದನ್ನು ಯಾವ ನಿಯಮದಡಿ ನಿಷೇಧಿಸಬೇಕೆಂದು ಅವರಿಗೆ ಹೊಳೆಯಲಿಲ್ಲವೆಂದು ಕಾಣುತ್ತದೆ. ನನಗೂ ಹೊಳೆಯಲಿಲ್ಲ. ನಮ್ಮದಲ್ಲದ ಹಬ್ಬವನ್ನು ಮಾಡದೆ ಇರುವುದಾದರೂ ಹೇಗೆ?

ಎರಡು ದಿನ ಕಳೆದು, ಸಂಜೆ ದೀಪ ಹಚ್ಚಿದ ಸ್ವಲ್ಪ ಹೊತ್ತಿಗೆ, ನಮ್ಮ ಬಾಗಿಲ ಮುಂದೆ ಹದಿನೈದು ಇಪ್ಪತ್ತು ಜನ ಬಂದು ನಿಂತರು. ಗಿಟಾರು, ಡೋಲಕ್ಕು, ಸುತ್ತ ಬಿಲ್ಲೆಗಳಿರುವ ಖಂಜಿರದಂಥದ್ದೊಂದು, ಹತ್ತಿಯ ಗಡ್ಡದ ಒಬ್ಬ ಕ್ರಿಸ್ಮಸ್ ತಾತ. ನಾನು ಏನು ಎತ್ತ ಎಂದು ಕೇಳುವ ಮೊದಲೇ ಹಾಡು ಶುರುವಾಯಿತು.

ಪಕ್ಕದ ಊರಿನ ಇಗರ್ಜಿಯ ಹಾಡುಗಾರರು ಅವರು. ಕ್ರಿಸ್ಮಸ್ಸಿಗೆ ಮುಂಚಿನ ದಿನಗಳಲ್ಲಿ ತಮ್ಮವರ ಮನೆಮನೆಗೆ ಹೋಗಿ ಹಾಡುತ್ತಾರೆ. ನಕ್ಷತ್ರ ಕಂಡ ಮನೆ ತಮ್ಮವರದೆಂದು ನಮ್ಮಲ್ಲಿಗೂ ಬಂದಿದ್ದರು. ತಪ್ಪು ಅವರದಲ್ಲ.

ಹಾಡು ಕನ್ನಡದ್ದೇ, ಧಾಟಿಯೂ ನಮ್ಮ ಕೋಲಾಟದ್ದಿರಬೇಕು ಅನ್ನಿಸಿತು. ನಮ್ಮ ಭಜನೆಯಲ್ಲಿ ಒಬ್ಬರು ಹೇಳಿದ್ದನ್ನೇ ಎಲ್ಲರೂ ಹೇಳುತ್ತಾರೆ. ಇಲ್ಲಿ ಹೆಂಗಸರು ಮೇಲೊಂದು ದಾರಿ ಹಿಡಿದರೆ ಗಂಡಸರು ಕೆಳಗೊಂದು ದಾರಿಯಲ್ಲಿ ನಡೆದರು. ಅಷ್ಟು ಜನ ಬೇರೆ ಬೇರೆ ಹಾಡಿಯೂ ಜಗಳವಾಗಲಿಲ್ಲ, ಸಾಲಿನ ಕೊನೆಗೆ ಸರಿಯಾಗಿ ಒಂದೇ ಕಡೆ ಬಂದು ಸೇರಿದರು. ತಾತನ ಬಾಯಿಗೆ ಗಡ್ಡದ ಹತ್ತಿ ಸಿಕ್ಕಿ ಕೆಮ್ಮು ಬಂತು. ಗಿಟಾರಿನವನು ಒಂದು ಕಡೆ ತಪ್ಪಿದ, ನಾಲಿಗೆ ಕಚ್ಚಿಕೊಂಡ, ಮತ್ತೆ ಹಿಡಿದ. ಫೋನಿನಲ್ಲಿ ಕೇಳುವ ಹಾಡಿಗೆ ಇಂಥ ಸುಖ ಎಲ್ಲಿಂದ ಬರಬೇಕು! ಹತ್ತು ತಿಂಗಳಿಂದ ಒಂದು ಸ್ವರ ಕೇಳದ ಮನೆ. ನನ್ನ ಬಲಗಾಲು ತಾನಾಗಿ ತಾಳ ಹಾಕಲು ಶುರುಮಾಡಿತು. ನಾಚಿಕೆಯಾಗಿ ಅದನ್ನು ಎಡಗಾಲಿನಿಂದ ತುಳಿದುಕೊಂಡೆ.

ಒಳಗಿನಿಂದ ಅತ್ತೆ ಬಂದರು. “ಲೋ, ಬಾಗ್ಲು ಹಾಕೋ! ವರ್ಷ ತುಂಬಿಲ್ಲ, ಮನೆ ಮುಂದೆ ಹಾಡು ಹಾಡಿಸ್ತಿದೀಯಲ್ಲ!”

ನಾನು ಬಾಗಿಲ ಮೇಲೆ ಕೈಯಿಟ್ಟೆ. ಹಾಕಿದರೆ ಹಾಡುವವರಿಗೆ ಅವಮಾನ, ಹಾಕದಿದ್ದರೆ ಅಪ್ಪನಿಗೆ. ಕೈ ಅಲ್ಲೇ ನಿಂತಿತು. ಅಷ್ಟರಲ್ಲಿ ಹಾಡುಗಾರರ ಮುಂದಾಳು ನಮ್ಮ ತುಳಸಿಕಟ್ಟೆಯನ್ನು ನೋಡಿದರು. ಇನ್ನಾಸಪ್ಪ ಅಂತ, ಗಾರೆ ಕೆಲಸದ ಮೇಸ್ತ್ರಿ. ಕೈಯೆತ್ತಿ ಹಾಡು ನಿಲ್ಲಿಸಿ, “ತಪ್ಪಾಗಿ ಬಂದ್ಬುಟ್ವಿ ಅನ್ಸುತ್ತೆ. ಬೇಜಾರ್ ಮಾಡ್ಕೋಬೇಡಿ ಸಾರ್” ಎಂದರು.

“ನಿಲ್ಲಿಸ್ಬೇಡಿ. ಪೂರ್ತಿ ಹೇಳಿ.”

ಯಾರು ಅಂದದ್ದು ಎಂದು ನಾನು ಸುತ್ತ ನೋಡಿದೆ. ಹೊಸಿಲ ಪಕ್ಕದಿಂದ ಅಮ್ಮ ಎದ್ದು ನಿಂತಿದ್ದಳು.

“ರತ್ನಾ, ಏನಿದು?” ಎಂದರು ಅತ್ತೆ.

“ಇದು ನಮ್ಮ ಹಬ್ಬ ಅಲ್ವಲ್ಲ ನಂಜಕ್ಕ. ಅವ್ರ ಹಬ್ಬ ನಾವ್ಯಾಕೆ ನಿಲ್ಲಿಸ್ಬೇಕು?”

ಹತ್ತು ತಿಂಗಳ ಮೇಲೆ ಅಮ್ಮನ ಬಾಯಿಂದ ಎರಡು ಪೂರ್ತಿ ವಾಕ್ಯ! ಹಾಡು ಮತ್ತೆ ಶುರುವಾಯಿತು. ಅದು ಮುಗಿದ ಮೇಲೆ ಇನ್ನೊಂದು, ಆಮೇಲೆ ತೆಲುಗಿನದೊಂದು. ಅತ್ತೆ ಎರಡನೆಯ ಹಾಡಿಗೆ ಬೆನ್ನು ತಿರುಗಿಸಿದ್ದರು. ಮೂರನೆಯದಕ್ಕೆ ಸುಮಾಳ ಕಿವಿಯಲ್ಲಿ, “ಆ ಗಡ್ಡದೋನು ಯಾರ ಮಗ?” ಎಂದು ಕೇಳಿದರು.

ಹಾಡಿದವರನ್ನು ಬರಿಗೈಯಲ್ಲಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ದಾಸಯ್ಯ ಬಂದರೆ ಮೊರದಲ್ಲಿ ರಾಗಿ ನೀಡುತ್ತೇವೆ. ಅಮ್ಮ ಒಳಗೆ ಹೋಗಿ ಮೊರದ ತುಂಬ ಅವರೆಕಾಯಿ ತಂದಳು. ಇನ್ನಾಸಪ್ಪ ಗಲಿಬಿಲಿಯಾದರು. ಒಡ್ಡಲು ಅವರ ಬಳಿ ಜೋಳಿಗೆಯಿರಲಿಲ್ಲ. ಕೊನೆಗೆ ಗಿಟಾರಿನ ಚೀಲದ ಜಿಪ್ಪು ಎಳೆದು ಅದರೊಳಗೆ ಸುರಿಸಿಕೊಂಡರು.

“ಪ್ರಾರ್ಥನೆ ಮಾಡ್ಬುಟ್ಟು ಹೋಗ್ತೀವಮ್ಮ. ಎಲ್ಲಾ ಮನೇಲೂ ಮಾಡ್ತೀವಿ. ಮನೆ ಯಜಮಾನ್ರ ಹೆಸರೇನು?”

ಸುಮಾ ನನ್ನ ಮುಖ ನೋಡಿದಳು. ಅತ್ತೆಯೂ ನೋಡಿದರು. ಲೆಕ್ಕದ ಪ್ರಕಾರ ನಾನೇ ಯಜಮಾನ, ಕರೆಂಟು ಬಿಲ್ಲು ಕೂಡ ನನ್ನ ಹೆಸರಿಗೆ ಬಂದಿತ್ತು. ಬಾಯಿ ತೆರೆದೆ.

“ಮುನಿಶಾಮಪ್ಪ” ಎಂದಳು ಅಮ್ಮ.

ನಮ್ಮ ಕಡೆ ಆ ಕಾಲದ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ರೇಷನ್ ಕಾರ್ಡಿನವರು ಕೇಳಿದಾಗಲೂ ಅಮ್ಮ ನನ್ನನ್ನು ಮುಂದೆ ತಳ್ಳುತ್ತಿದ್ದಳು. ಆ ಹೆಸರನ್ನು ಅವಳ ದನಿಯಲ್ಲಿ ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

“ಅವ್ರು ಮನೇಲಿಲ್ವಾ?”

“ತೋಟದ ಕಡೆ ಹೋಗವ್ರೆ.”

ನಾನು ಅತ್ತೆಯನ್ನು ನೋಡಿದೆ, ಅತ್ತೆ ನೆಲ ನೋಡಿದರು. ಇನ್ನಾಸಪ್ಪ ಕಣ್ಣು ಮುಚ್ಚಿ ಬೇಡಿಕೊಂಡರು: ಸ್ವಾಮೀ, ಈ ಮನೆಯ ಯಜಮಾನರಾದ ಮುನಿಶಾಮಪ್ಪನವರಿಗೆ ಆಯಸ್ಸು, ಆರೋಗ್ಯ ಕೊಡು, ಹೊರಗೆ ಹೋದವರನ್ನು ಕ್ಷೇಮವಾಗಿ ಮನೆ ಸೇರಿಸು. ಎಲ್ಲರೂ ಆಮೆನ್ ಎಂದರು. ಸುಮಾ ಕೈಮುಗಿದಳು. ಸತ್ತವರಿಗೆ ಆಯಸ್ಸು ಬೇಡಿದರೆ ಆಮೆನ್ ಅನ್ನಬಹುದೋ ಬಾರದೋ ಗೊತ್ತಾಗದೆ ನಾನು ಕೆಮ್ಮಿದೆ.

ಅವರು ಹೋದ ಮೇಲೆ ಅಮ್ಮ ಜಗುಲಿಯಲ್ಲೇ ಕುಸಿದು ಕೂತು ಗಟ್ಟಿಯಾಗಿ ಅತ್ತಳು. ಅತ್ತೆ ಅವಳನ್ನು ತಬ್ಬಿಕೊಂಡು ತಾವೂ ಅತ್ತರು. ಆಮೇಲೆ ಅಮ್ಮ ಮೂಗೊರೆಸಿಕೊಂಡು, “ಸುಮಾ, ಉಳಿದಿರೋ ಅವರೆಕಾಯಿ ತಾ, ಸಾರು ಮಾಡಾಣ” ಎಂದಳು. ಅವತ್ತಿನಿಂದ ಅಮ್ಮ ನಮಗೆ ವಾಪಸು ಸಿಕ್ಕಳು.

ಅಲ್ಲಿಗೆ ಮುಗಿದಿದ್ದರೆ ನನಗೆ ತೊಂದರೆಯಿರಲಿಲ್ಲ. ಮರುವರ್ಷ ನಾವು ಕರೆಯದೆಯೇ ಇನ್ನಾಸಪ್ಪನವರ ತಂಡ ಬಂತು. ಹಾಡಾಯಿತು, ಅವರೆಕಾಯಿಯಾಯಿತು. ಯಜಮಾನರು ಎಲ್ಲಿ ಎಂದು ಅವರು ಕೇಳಿದರು. “ಶಿವಗಂಗೆಗೆ ಹೋಗವ್ರೆ” ಎಂದಳು ಅಮ್ಮ, ಕಣ್ಣು ಮಿಟುಕಿಸದೆ. ಅದರ ಮುಂದಿನ ವರ್ಷ ಚನ್ನರಾಯಪಟ್ಟಣದ ನೆಂಟರ ಮನೆ. ಹೀಗೆ ನಮ್ಮಪ್ಪ ಬದುಕಿದ್ದಾಗ ಎಂದೂ ಮಾಡದಷ್ಟು ಪ್ರಯಾಣ ಮಾಡಿದರು. ಪ್ರತಿ ವರ್ಷವೂ ಅವರ ಆರೋಗ್ಯಕ್ಕೆ ಪ್ರಾರ್ಥನೆ ನಡೆಯಿತು.

ನನಗೋ ಒಳಗೊಳಗೇ ಸಂಕಟ. ಹಾಡನ್ನು ಎಷ್ಟು ಇಷ್ಟಪಟ್ಟು ಕಾಯುತ್ತಿದ್ದೆನೋ ಆ ಪ್ರಶ್ನೆಗೆ ಅಷ್ಟೇ ಹೆದರುತ್ತಿದ್ದೆ. ದೇವರ ಮುಂದೆ ಕಣ್ಣು ಮುಚ್ಚಿ ನಿಂತ ಮನುಷ್ಯನಿಗೆ ಸುಳ್ಳು ಹೇಳುವುದೆಂದರೇನು? ಒಂದೊಂದು ಸಲ ಇನ್ನಾಸಪ್ಪನವರಿಗೆ ಎಲ್ಲ ಗೊತ್ತಿದೆಯೇನೋ ಅನ್ನಿಸುವುದು. ಆ ಪ್ರಶ್ನೆ ಕೇಳುವಾಗ ಅವರು ಅಮ್ಮನ ಮುಖವನ್ನೇ ನೋಡುತ್ತಿದ್ದರು. ಆದರೆ ಗೊತ್ತಿದ್ದರೆ ಆಯಸ್ಸು ಯಾಕೆ ಬೇಡುತ್ತಾರೆ? ಅಮ್ಮನನ್ನು ಕೇಳಲು ಧೈರ್ಯವಿಲ್ಲ. ಅಮ್ಮ ಇಲ್ಲದಾಗ ಅವರನ್ನು ಪಕ್ಕಕ್ಕೆ ಕರೆದು, “ನಮ್ಮ ತಂದೆ ತೀರಿಕೊಂಡು ಇಷ್ಟು ವರ್ಷವಾಯಿತು, ಕ್ಷಮಿಸಬೇಕು” ಎಂದು ಹೇಳಿಬಿಡಬೇಕೆಂದು ವಾಕ್ಯ ಸಿದ್ಧ ಮಾಡಿಕೊಂಡಿದ್ದೆ. ವರ್ಷ ವರ್ಷವೂ ಅದರಲ್ಲಿ ಅಂಕಿ ಮಾತ್ರ ಬದಲಾಗುತ್ತಿತ್ತು.

ಈ ಸಲ ಅವಕಾಶ ಸಿಕ್ಕಿತು. ಅಮ್ಮ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ದೊಡ್ಡಬಳ್ಳಾಪುರದಲ್ಲಿ ನನ್ನ ತಂಗಿಯ ಮನೆಯಲ್ಲಿದ್ದಾಳೆ. ನಿನ್ನೆ ಸಂಜೆ ತಂಡ ಬಂತು. ಇನ್ನಾಸಪ್ಪನವರ ತಲೆ ಪೂರ್ತಿ ಬೆಳ್ಳಗಾಗಿದೆ, ಉಸಿರು ಸಾಲದೆ ಮೇಲಿನ ಸ್ವರಗಳನ್ನು ಬೇರೆಯವರಿಗೆ ಬಿಟ್ಟುಕೊಟ್ಟಿದ್ದಾರೆ. ಹಾಡು ಮಾತ್ರ ಹಿಂದಿನಷ್ಟೇ ಚೆನ್ನಾಗಿತ್ತು. ಈಗ ನಾನು ಕಾಲು ತುಳಿದುಕೊಳ್ಳುವುದಿಲ್ಲ, ಎರಡೂ ಕೈಯಲ್ಲಿ ಚಪ್ಪಾಳೆ ತಟ್ಟುತ್ತೇನೆ. ಹಾಡು ಮುಗಿಯಿತು. ಇನ್ನಾಸಪ್ಪ ಅಮ್ಮನ ಕಣ್ಣಿನ ಬಗ್ಗೆ ವಿಚಾರಿಸಿದರು. ಆಮೇಲೆ ಮೆಲ್ಲಗೆ, “ಯಜಮಾನ್ರು ಎಲ್ಲಿ ಮೇಷ್ಟ್ರೇ?” ಎಂದರು.

ಸಿದ್ಧವಾಗಿದ್ದ ವಾಕ್ಯ ಗಂಟಲವರೆಗೆ ಬಂತು.

“ತೋಟದ ಕಡೆ ಹೋಗವ್ರೆ” ಎಂದೆ. “ಇನ್ನೇನು ಬರ್ತಾರೆ.”

ಬರ್ತಾರೆ ಎಂಬ ಮಾತನ್ನು ಏಳು ವರ್ಷದಲ್ಲಿ ಅಮ್ಮ ಕೂಡ ಹೇಳಿರಲಿಲ್ಲ. ನನ್ನ ಬಾಯಿಗೆ ಅದು ಎಲ್ಲಿಂದ ಬಂತೋ ಕಾಣೆ. ಇನ್ನಾಸಪ್ಪ ತಲೆಯಾಡಿಸಿ ಕಣ್ಣು ಮುಚ್ಚಿದರು. ಈ ಸಲ ನಾನು ಕೆಮ್ಮಲಿಲ್ಲ, ಎಲ್ಲರ ಜೊತೆ ಆಮೆನ್ ಎಂದೆ.

ಅವರು ಅತ್ತ ಹೋದದ್ದೇ ಅಮ್ಮನ ಫೋನು ಬಂತು.

“ಬಂದಿದ್ರಾ?”

“ಬಂದಿದ್ರು.”

“ಚೆನ್ನಾಗಿ ಹಾಡಿದ್ರಾ?”

“ಬೋ ಚೆನ್ನಾಗಿ ಹಾಡಿದ್ರು.”

“ಅವ್ರು ಕೇಳಿದ್ದಕ್ಕೆ ಏನಂದೆ?”

“ತೋಟಕ್ಕೆ ಹೋಗವ್ರೆ ಅಂದೆ ಅಮ್ಮ.”

ಅವಳು ನಕ್ಕಳೋ ಅತ್ತಳೋ, ಆ ಕಡೆಯಿಂದ ಉಸಿರು ಮಾತ್ರ ಕೇಳಿಸಿತು.

“ಸ್ವೆಟ್ರು ಹಾಕ್ಕೊಂಡು ಹೋದ್ರೇನೋ?” ಎಂದಳು. “ಚಳಿ ಐತೆ.”

“ಹೂಂ” ಎಂದೆ.