ದ್ವೀಪ ಸುತ್ತಲು ಹೊರಟ ಅಕ್ಕಿ ಡಬ್ಬ

1985ರ ಬೇಸಿಗೆ. ಆಗ ನಾವು ಅಮೆರಿಕಾದ ಸ್ಯಾನ್ ರಮೋನಿನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ನಾನು, ನಮ್ಮವರು, ಆರು ವರ್ಷದ ಮಗಳು ರೂಪ. ಸುತ್ತಮುತ್ತ ಕನ್ನಡದವರು ಅಂದರೆ ಬೆರಳೆಣಿಕೆಯಷ್ಟು ಮನೆ. ಅವರಲ್ಲಿ ನಮಗೆ ತೀರಾ ಹತ್ತಿರವಾದವರು ಲಿವರ್‌ಮೋರಿನಲ್ಲಿದ್ದ ಪುಟ್ಟಸ್ವಾಮಿ ಮತ್ತು ಅವರ ಹೆಂಡತಿ ಮಂಗಳ. ಇಬ್ಬರೂ ಮಂಡ್ಯದ ಕಡೆಯವರು, ನನಗಿಂತ ಚಿಕ್ಕವರು. ಪುಟ್ಟಸ್ವಾಮಿ ನಮ್ಮವರ ಆಫೀಸಿನಲ್ಲೇ ಎಂಜಿನಿಯರು. ಶನಿವಾರ ಬಂತೆಂದರೆ ಅವರ ಹಳೆಯ ಕಾರು ನಮ್ಮ ಪಾರ್ಕಿಂಗಿನಲ್ಲಿ ನಿಂತಿರುತ್ತಿತ್ತು.

ಆ ವರ್ಷ ಮಂಗಳ ಮೊದಲ ಸಲ ಬಸುರಿ. ಸಣ್ಣ ವಯಸ್ಸಿನಲ್ಲೇ ತಾಯಿಯನ್ನು ಕಳೆದುಕೊಂಡ ಹುಡುಗಿ. ಅಪ್ಪ ಮತ್ತೆ ಮದುವೆಯಾಗಿ ಬೇರೆ ಸಂಸಾರ ಕಟ್ಟಿಕೊಂಡಿದ್ದರು. ಅವಳನ್ನು ಸಾಕಿ, ಓದಿಸಿ, ಮದುವೆ ಮಾಡಿದವರು ಅಕ್ಕ ಜಯಕ್ಕ. ಅವರ ಗಂಡ ಕೆನಡಾದಲ್ಲಿ ಡಾಕ್ಟರು. ಉತ್ತರಕ್ಕಿರುವ ವ್ಯಾಂಕೂವರ್ ದ್ವೀಪದಲ್ಲಿ ಅವರ ಮನೆ. ಅಕ್ಕತಂಗಿಯರು ಮುಖ ನೋಡಿ ವರ್ಷಗಳೇ ಆಗಿದ್ದವು. ಜಯಕ್ಕನ ಅತ್ತೆಗೆ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದರು, ಅವರನ್ನು ಬಿಟ್ಟು ಒಂದು ದಿನದ ಮೇಲೆ ಎಲ್ಲೂ ಹೋಗುವಂತಿರಲಿಲ್ಲ.

ನಾನು ಮಂಗಳನಿಗೆ ಹೇಳಿದ್ದೆ, ಏಳನೇ ತಿಂಗಳಿಗೆ ನಮ್ಮ ಮನೆಯಲ್ಲೇ ಬಳೆ ತೊಡಿಸಿ ಸೀಮಂತ ಮಾಡೋಣ, ಎಲ್ಲರನ್ನೂ ಕರೆಯೋಣ, ನಾನೇ ಹೋಳಿಗೆ ತಟ್ಟುತ್ತೇನೆ ಅಂತ. ಅವಳು ತಲೆ ತಗ್ಗಿಸಿಕೊಂಡು, "ನೀವೆಲ್ಲ ಮಾಡಿದ್ರೆ ಅದು ಪಾರ್ಟಿ ಆಯ್ತದೆ ವಿಮಲಕ್ಕ. ಮಡಿಲಕ್ಕಿ ತವರಿಂದ್ಲೇ ಬರ್ಬೇಕು" ಅಂದಳು. ನನಗೆ ಒಂದು ಕ್ಷಣ ಚುರ್ ಅಂದದ್ದು ನಿಜ. ಇಷ್ಟು ಮಾಡಿಯೂ ನಾನು ಹೊರಗಿನವಳೇ ಆದೆನಲ್ಲ ಅನ್ನಿಸಿತು. ಆದರೆ ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ತವರಿನವರು ಮಗಳ ಸೆರಗಿಗೆ ಅಕ್ಕಿ, ಬೆಲ್ಲ, ಕಾಯಿ ಹಾಕಿ ಮಡಿಲು ತುಂಬುವ ಶಾಸ್ತ್ರ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಅವಳಿಗೆ ತವರು ಅಂತ ಉಳಿದಿದ್ದು ಜಯಕ್ಕ ಒಬ್ಬರೇ.

ಹಾಗೆ ಹುಟ್ಟಿಕೊಂಡಿದ್ದು ನಮ್ಮ ಪ್ರವಾಸದ ಯೋಚನೆ. ನಮ್ಮ ಸ್ಟೇಷನ್ ವ್ಯಾಗನ್ನಿನಲ್ಲಿ ಎಲ್ಲರೂ ಹೋಗುವುದು, ಜಯಕ್ಕನ ಮನೆಯಲ್ಲಿ ಶಾಸ್ತ್ರ ಮುಗಿಸಿ, ಆಮೇಲೆ ಆ ದ್ವೀಪವನ್ನು ಪೂರ್ತಿ ಒಂದು ಸುತ್ತು ಹಾಕಿ ಬರುವುದು. ದೊಡ್ಡ ದೊಡ್ಡ ಮರಗಳ ಕಾಡು, ಸಮುದ್ರ, ತಿಮಿಂಗಿಲ ಎಲ್ಲ ಇದೆಯಂತೆ ಎಂದು ನಮ್ಮವರು ಲೈಬ್ರರಿಯಿಂದ ಪುಸ್ತಕ ಹೊತ್ತು ತಂದರು. ಮಂಗಳನ ಡಾಕ್ಟರು, ದಾರಿಯಲ್ಲಿ ಆಗಾಗ ಇಳಿದು ನಡೆದಾಡಿದರೆ ತೊಂದರೆಯಿಲ್ಲ ಅಂದರು.

ಅಲ್ಲಿಂದ ಶುರುವಾಯಿತು ನೋಡಿ ಗಂಡಸರ ಪ್ಲಾನು. ಶನಿವಾರ ಊಟ ಮುಗಿಯುವುದೇ ತಡ, ನಡುಮನೆಯ ಕಾರ್ಪೆಟ್ಟಿನ ಮೇಲೆ ಮ್ಯಾಪು ಹಾಸಿ ಇಬ್ಬರೂ ಮಂಡಿಯೂರಿ ಕೂರುತ್ತಿದ್ದರು. ಎಲ್ಲಿ ಪೆಟ್ರೋಲು, ಎಲ್ಲಿ ಮೋಟೆಲು, ಎಲ್ಲಿ ಯಾರು ಡ್ರೈವಿಂಗು, ಎಲ್ಲದಕ್ಕೂ ಒಂದೊಂದು ಬಣ್ಣದ ಪೆನ್ಸಿಲ್ ಗುರುತು. ದ್ವೀಪದ ಸುತ್ತ ಪೂರ್ತಿ ರಸ್ತೆಯೇ ಇಲ್ಲ, ಒಂದು ಕಡೆ ನಿಂತುಹೋಗುತ್ತದೆ ಎಂದು ಗೊತ್ತಾದ ದಿನ ಪುಟ್ಟಸ್ವಾಮಿಗೆ ಊಟ ಸೇರಲಿಲ್ಲ. ಅರ್ಧ ಪ್ರದಕ್ಷಿಣೆ ಹಾಕಿ ಬಂದ ದಾರಿಯಲ್ಲೇ ತಿರುಗಿದರೆ ದೋಷ ಅಲ್ಲವಾ ಎಂದು ಅವನು ಕೇಳಿದ. ಅರ್ಧಚಂದ್ರ ಪ್ರದಕ್ಷಿಣೆ ಅಂತ ಶಿವನಿಗೆ ಹಾಕುವುದಿಲ್ಲವೇ, ಅದೇ ಲೆಕ್ಕ ಎಂದು ನಮ್ಮವರು ಸಮಾಧಾನ ಮಾಡಿದರು.

ನನ್ನ ಪ್ಲಾನು ಬೇರೆ. ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಹುರಿದ ಅವಲಕ್ಕಿ, ಬೆಲ್ಲ, ರೈಸ್ ಕುಕ್ಕರು, ಮತ್ತೆ ಒಂದು ದೊಡ್ಡ ಸ್ಟೀಲ್ ಡಬ್ಬದ ತುಂಬ ಅಕ್ಕಿ. ಆ ಡಬ್ಬ ನೋಡಿ ನಮ್ಮವರು, "ದಂಡಯಾತ್ರೆಗೆ ಹೊರಟಿದೀವಾ? ಅಲ್ಲೆಲ್ಲ ಊಟಾನೇ ಸಿಗಲ್ವಾ?" ಎಂದು ನಕ್ಕರು. ಪುಟ್ಟಸ್ವಾಮಿಯೂ ದನಿಗೂಡಿಸಿದ. ಮೋಟೆಲಿನಲ್ಲಿ ಅನ್ನ ಸಾರು ಕೇಳಿದಾಗ ನೋಡಿಕೊಳ್ಳುತ್ತೇನೆ ಅಂದುಕೊಂಡು ಡಬ್ಬದ ಮುಚ್ಚಳ ಬಿಗಿದೆ.

ಹೊರಡಲು ಎರಡು ವಾರ ಇದೆ ಅನ್ನುವಾಗ ನಮ್ಮವರು ಕಾರಿನ ಇನ್ಶೂರೆನ್ಸ್ ಏಜೆಂಟಿಗೆ ಫೋನು ಮಾಡಿದರು. ಆತ ಎಲ್ಲ ಕೇಳಿಕೊಂಡು, ಹಾಗಾದರೆ ಕೆನಡಾಕ್ಕೆ ಬೇರೆ ಕಾರ್ಡು ಕಳಿಸುತ್ತೇನೆ, ಅದು ಬೇರೆ ದೇಶ ಅಲ್ಲವೇ ಅಂದನಂತೆ. ಫೋನಿಟ್ಟು ನಮ್ಮವರು ಆ ಮಾತನ್ನು ನಗುತ್ತಲೇ ಹೇಳಿದರು. ಪುಟ್ಟಸ್ವಾಮಿ ಮಾತ್ರ ನಗಲಿಲ್ಲ. ಅವನ ಕೈಯಲ್ಲಿದ್ದ ಪೆನ್ಸಿಲ್ ಹಾಗೇ ನಿಂತಿತು.

ವಿಷಯ ಏನೆಂದರೆ, ನಮ್ಮ ಬಳಿ ಆಗಲೇ ಗ್ರೀನ್ ಕಾರ್ಡು ಇತ್ತು. ಅವರದ್ದು ಇನ್ನೂ ಅರ್ಜಿಯಲ್ಲೇ ಇತ್ತು. ಅದು ಮುಗಿಯುವ ತನಕ ದೇಶ ಬಿಟ್ಟು ಹೋಗಬೇಡಿ, ಹೋದರೆ ಅರ್ಜಿಯೇ ಬಿದ್ದುಹೋಗುತ್ತದೆ ಎಂದು ವಕೀಲರು ಹೇಳಿದ್ದರು. ಅದು ಅವನಿಗೆ ಗೊತ್ತಿತ್ತು, ನಮಗೂ ಗೊತ್ತಿತ್ತು. ಆದರೂ ಇಷ್ಟು ದಿನ ನಾಲ್ಕು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ!

"ಕಾರಲ್ಲಿ ಹೋಗೋದು ದೇಶ ಬಿಟ್ಟಂಗೆ ಹೆಂಗಾಯ್ತದೆ ಸಾರ್?" ಎಂದ ಪುಟ್ಟಸ್ವಾಮಿ. ಮಗು ಕೇಳಿದ ಹಾಗೆ ಕೇಳಿದ.

ನಗಬೇಡಿ. ನಾವು ದೇಶ ಬಿಟ್ಟದ್ದು ವಿಮಾನದಲ್ಲಿ. ಹಾರ ಹಾಕಿಸಿಕೊಂಡು, ನೆಂಟರೆಲ್ಲ ಅತ್ತು, ಸಮುದ್ರ ದಾಟಿ ಬಂದದ್ದು. ದೇಶ ಬಿಡುವುದು ಅಂದರೆ ನಮ್ಮ ತಲೆಯಲ್ಲಿ ಅದೇ. ಪುಳಿಯೋಗರೆ ಕಟ್ಟಿಕೊಂಡು ಕಾರಿನಲ್ಲಿ ಹೋಗುವುದು ಅಂದರೆ ಹೊಸೂರು ಚೆಕ್‌ಪೋಸ್ಟ್ ದಾಟಿದ ಹಾಗೆ ಅಂದುಕೊಂಡಿದ್ದೆವು. ಕೆನಡಾ ಕೆನಡಾ ಅಂತ ಬಾಯಲ್ಲಿ ದಿನಾ ಅನ್ನುತ್ತಿದ್ದೆವು, ಅದು ಇನ್ನೊಂದು ದೇಶ ಅನ್ನುವುದು ಮನಸ್ಸಿಗೆ ಇಳಿದೇ ಇರಲಿಲ್ಲ.

ಮಂಗಳ ಅಡುಗೆಮನೆಯಲ್ಲಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಹೊರಗೆ ಬಂದು, ನೀವು ಹೋಗಿ ಬನ್ನಿ ವಿಮಲಕ್ಕ, ನಮ್ಮಕ್ಕನ್ನ ನೋಡಿಕೊಂಡು ಬನ್ನಿ, ನಾನು ಇಲ್ಲೇ ಇರುತ್ತೇನೆ ಅಂದಳು. ಮುಖದಲ್ಲಿ ನಗು ಇಟ್ಟುಕೊಂಡೇ ಅಂದಳು. ಆ ನಗು ನೋಡಿ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಬಣ್ಣಬಣ್ಣದ ಗೆರೆ ಎಳೆಯಲು ಬರುತ್ತದೆ, ಇಷ್ಟು ತಿಳಿಯಲಿಲ್ಲವೇ ಎಂದು ಇಬ್ಬರಿಗೂ ಚೆನ್ನಾಗಿ ಬೈದೆ. ನನಗೂ ತಿಳಿದಿರಲಿಲ್ಲ ಅನ್ನುವುದು ಆಗ ಎಲ್ಲಿ ನೆನಪಾಗಬೇಕು?

ಬೈಸಿಕೊಂಡ ನಮ್ಮವರು ಮತ್ತೆ ಮ್ಯಾಪಿನ ಮೇಲೆ ಬಗ್ಗಿದರು. ಎಷ್ಟೋ ಹೊತ್ತಾದ ಮೇಲೆ ತಲೆಯೆತ್ತಿದರು. ಅಮೆರಿಕಾದ ಕೊನೆಯ ದಡಕ್ಕೂ ಆ ದ್ವೀಪಕ್ಕೂ ನಡುವೆ ಸಣ್ಣಸಣ್ಣ ದ್ವೀಪಗಳಿವೆ, ಅವು ಅಮೆರಿಕಾಕ್ಕೇ ಸೇರಿದವು, ಜಯಕ್ಕನ ಕಡೆಯಿಂದ ಬರುವ ಫೆರ್ರಿ ಹಡಗು ಅವುಗಳಲ್ಲೊಂದರಲ್ಲಿ ನಿಲ್ಲುತ್ತದೆ ಎಂದು ಚುಕ್ಕಿ ಗೆರೆ ತೋರಿಸಿದರು. "ಮಂಗಳ ಹೋಗೋ ಹಾಗಿಲ್ಲ, ಸರಿ. ಜಯಕ್ಕ ಅಲ್ಲೀ ತನಕ ಬರಬಹುದಲ್ಲ? ಅವರು ಕೆನಡಾ ಸಿಟಿಜನ್ನು, ವೀಸಾ ಬೇಕಿಲ್ಲ." ಆಗಿಂದಾಗಲೇ ಫೋನು ಹಚ್ಚಿದೆವು. ಅತ್ತೆಯನ್ನು ಅಂದು ನನ್ನ ಗಂಡ ನೋಡಿಕೊಳ್ಳುತ್ತಾರೆ, ಬೆಳಗ್ಗೆ ಬಂದು ಸಂಜೆ ಫೆರ್ರಿಗೆ ವಾಪಸು ಹೋಗುತ್ತೇನೆ, ಮಡಿಲಕ್ಕಿ ತರುತ್ತೇನೆ ಎಂದರು ಜಯಕ್ಕ. ಮಂಗಳ ಆಗ ಅತ್ತಳು. ನೆಮ್ಮದಿಯಾಯಿತು ನನಗೆ.

ಆಗಸ್ಟಿನಲ್ಲಿ ಹೊರಟೆವು. ಪುಟ್ಟಸ್ವಾಮಿ ಕಾರಿನ ಮುಂದೆ ಒಡೆಯಲು ತೆಂಗಿನಕಾಯಿ ತಂದಿದ್ದ. ಹಿಂದೊಮ್ಮೆ ಅವನು ಕಾರು ಕೊಂಡಾಗ ಪಾರ್ಕಿಂಗಿನಲ್ಲಿ ಕಾಯಿ ಒಡೆದು ಅಪಾರ್ಟ್‌ಮೆಂಟ್ ಮ್ಯಾನೇಜರ್ ಹತ್ತಿರ ಬೈಸಿಕೊಂಡಿದ್ದು ನನಗೆ ನೆನಪಿತ್ತು. ದಾರಿಯಲ್ಲಿ ಒಡೆಯೋಣ ಮಾರಾಯ ಎಂದು ಕಾಯಿಯನ್ನು ಅಕ್ಕಿ ಡಬ್ಬದ ಪಕ್ಕ ಇಟ್ಟೆ. ದಾರಿಯುದ್ದಕ್ಕೂ ಅದನ್ನು ಒಡೆಯಲು ಜಾಗವೇ ಸಿಗಲಿಲ್ಲ. ಫ್ರೀವೇ ಹಿಡಿದು ಬೆಟ್ಟ, ಕಾಡು, ನದಿ ಎಲ್ಲ ದಾಟಿದೆವು. ಮಂಗಳನನ್ನು ಆಗಾಗ ಇಳಿಸಿ ನಡೆಸಿದೆವು. ಮೋಟೆಲಿನಲ್ಲಿ ನನ್ನ ಕುಕ್ಕರಿನ ಅನ್ನಕ್ಕೆ ಮೊದಲು ತಟ್ಟೆ ಒಡ್ಡಿದವರು ನಮ್ಮವರೇ. ಕೊನೆಗೆ ಕಾರನ್ನು ಫೆರ್ರಿಗೆ ಹತ್ತಿಸಿ, ನಮ್ಮವರು ಮ್ಯಾಪಿನಲ್ಲಿ ತೋರಿಸಿದ್ದ ಆ ಸಣ್ಣ ದ್ವೀಪದ ಫ್ರೈಡೇ ಹಾರ್ಬರ್ ಎಂಬ ಪುಟ್ಟ ಊರಿನಲ್ಲಿ ಇಳಿದೆವು.

ಮರುದಿನ ಬೆಳಗ್ಗೆ ಎಲ್ಲರೂ ದೋಣಿಕಟ್ಟೆಯಲ್ಲಿ ಕಾದು ನಿಂತೆವು. ಫೆರ್ರಿ ಬಂತು. ಜನ ಇಳಿದು, ತನಿಖೆ ಮುಗಿಸಿ ಒಬ್ಬೊಬ್ಬರಾಗಿ ಹೊರಬಂದರು. ಕಟ್ಟಕಡೆಗೆ ದಪ್ಪ ಕೋಟಿನ ಕೆಳಗೆ ಸೀರೆ ಉಟ್ಟ ಜಯಕ್ಕ ಬಂದರು. ಮಂಗಳ ಓಡಲಾರದೆ ಓಡಿದಳು. ತಬ್ಬಿಕೊಂಡ ಮೇಲೂ ಜಯಕ್ಕನ ಮುಖ ಮಾತ್ರ ಬಾಡಿಯೇ ಇತ್ತು. ಕೈಯಲ್ಲಿ ಒಂದು ಹಸಿರು ಸೀರೆ, ಬಳೆ ಬಿಟ್ಟರೆ ಏನೂ ಇರಲಿಲ್ಲ.

ಅಕ್ಕಿ, ಬೆಲ್ಲ, ಕಾಯಿ, ವೀಳ್ಯದೆಲೆ, ಬಾಳೆಹಣ್ಣು, ಹೂವು ಎಲ್ಲವನ್ನೂ ಶಾಸ್ತ್ರದ ಪ್ರಕಾರ ಒಂದೇ ಬಟ್ಟೆಯಲ್ಲಿ ಗಂಟು ಕಟ್ಟಿ ತಂದಿದ್ದರಂತೆ. ಎಲೆ, ಹಣ್ಣು, ಹೂವು ಗಡಿ ದಾಟಿಸುವ ಹಾಗಿಲ್ಲ ಎಂದು ಅಲ್ಲಿದ್ದ ಅಧಿಕಾರಿ ಗಂಟನ್ನೇ ತೆಗೆದಿಟ್ಟುಕೊಂಡ. ಅವನದೇನೂ ತಪ್ಪಿಲ್ಲ, ಅವನ ಕೆಲಸ ಅವನು ಮಾಡಿದ. ಸಾರಿ ಮೇಡಮ್ ಎಂದು ಎರಡು ಸಲ ಹೇಳಿದನಂತೆ. "ಬರಿಗೈಲಿ ಬಂದೆ ಕಣೇ" ಎಂದು ಜಯಕ್ಕ ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತರು. ನೀನು ಬಂದೆಯಲ್ಲ ಅಕ್ಕ, ಅಷ್ಟು ಸಾಕು ಎಂದು ಮಂಗಳ ಅವರ ಕೈ ಸವರುತ್ತಿದ್ದಳು. ಯಾರಿಗೆ ಯಾರು ಸಮಾಧಾನ ಹೇಳಬೇಕು ಅನ್ನುವ ಹಾಗಿತ್ತು.

ನಾನು ಕಾರಿಗೆ ಹೋಗಿ ಅಕ್ಕಿ ಡಬ್ಬ ಹೊತ್ತು ತಂದೆ. ಪುಟ್ಟಸ್ವಾಮಿ ಒಡೆಯದ ಕಾಯಿ, ಬೆಲ್ಲ, ರೂಪಳಿಗೆಂದು ಇಟ್ಟಿದ್ದ ಬಾಳೆಹಣ್ಣು ತಂದ. ಅರಿಶಿನ ಕುಂಕುಮ ನನ್ನ ಕೈಚೀಲದಲ್ಲೇ ಇತ್ತು. ಜಯಕ್ಕ ಡಬ್ಬವನ್ನೂ ನನ್ನನ್ನೂ ನೋಡಿದರು. ಸಂಕೋಚದಿಂದಲೇ ಹೇಳಿದರು, "ತಪ್ಪು ತಿಳೀಬೇಡಿ. ಇದು ನಿಮ್ಮನೆ ಅಕ್ಕಿ. ತವರಿನದು ಆಗಲ್ವಲ್ಲ."

ಆ ಮಾತು ಎರಡನೇ ಸಲ ಕೇಳುತ್ತಿದ್ದೆ. ಈ ಸಲ ಚುರ್ ಅನ್ನಲಿಲ್ಲ, ಹಟ ಬಂತು. ಇಷ್ಟು ದೂರ ಹೊತ್ತು ತಂದ ಅಕ್ಕಿ, ಹಾಗೇ ವಾಪಸು ಒಯ್ಯುವವಳು ನಾನಲ್ಲ.

"ಜಯಕ್ಕ, ಎದ್ದು ನಿಂತ್ಕೊಂಡು ನೀವು ಸೆರಗು ಒಡ್ಡಿ" ಅಂದೆ.

ಅವರಿಗೆ ಅರ್ಥವಾಗಲಿಲ್ಲ. ನಾನೇ ಅವರ ಕೋಟು ತೆಗೆಸಿ, ಕುಂಕುಮ ಇಟ್ಟು, ಸೆರಗು ಹಿಡಿಸಿದೆ. ಐದು ಸಲ ಬೊಗಸೆ ತುಂಬ ಅಕ್ಕಿ ಹಾಕಿದೆ. ಬೆಲ್ಲ, ಹಣ್ಣು, ಕಾಯಿ ಇಟ್ಟೆ.

"ಇದು ನಾನು ನಿಮಗೆ ತುಂಬಿದ ಮಡಿಲು. ಈಗ ನಿಮ್ಮ ಸೆರಗಲ್ಲಿರೋದು ನಿಮ್ಮ ಅಕ್ಕಿ. ಅದನ್ನ ನಿಮ್ಮ ತಂಗಿಗೆ ಕೊಡ್ತೀರೋ ಬಿಡ್ತೀರೋ ನಿಮ್ಮಿಷ್ಟ."

ಜಯಕ್ಕ ತುಂಬಿದ ಸೆರಗನ್ನೇ ನೋಡುತ್ತಾ ನಿಂತರು. ಆಮೇಲೆ ಬಹಳ ಮೆಲ್ಲಗೆ, "ಅಮ್ಮ ಹೋದ ಮೇಲೆ ನಂಗೆ ಯಾರೂ ತುಂಬಿರ್ಲಿಲ್ಲ" ಅಂದರು. ಆ ಮಾತು ಕೇಳಿದ ಮೇಲೆ ನನ್ನ ಜಂಬವೆಲ್ಲ ಇಳಿಯಿತು. ತಂಗಿಯ ಮಡಿಲು ತುಂಬಲು ಬಂದ ಆ ಹೆಂಗಸಿಗೇ ತವರಿರಲಿಲ್ಲ ಅನ್ನುವುದು ನಮಗೆ ಯಾರಿಗೂ ಹೊಳೆದೇ ಇರಲಿಲ್ಲ.

ಮಂಗಳ ಫೆರ್ರಿ ಕಟ್ಟಡದ ಬಾತ್‌ರೂಮಿಗೆ ಹೋಗಿ ಹಸಿರು ಸೀರೆ ಉಟ್ಟು ಬಂದಳು. ಜಯಕ್ಕ ಅವಳ ಕೈಗೆ ಬಳೆ ತೊಡಿಸಿ, ತಮ್ಮ ಸೆರಗಿನಿಂದ ಅವಳ ಸೆರಗಿಗೆ ಅಕ್ಕಿ ಸುರಿದರು. ಸಮುದ್ರದ ಗಾಳಿಗೆ ಒಂದಷ್ಟು ಅಕ್ಕಿ ಹಾರಿ ದೋಣಿಕಟ್ಟೆಯ ಹಲಗೆಗಳ ಸಂದಿಗೆ ಬಿತ್ತು. ಟಿಕೆಟಿಗೆ ನಿಂತಿದ್ದ ಒಬ್ಬ ಬಿಳಿಯ ಅಜ್ಜಿ ಇದು ಮದುವೆಯಾ ಎಂದು ನಮ್ಮವರನ್ನು ಕೇಳಿದರು. ಇವರು ಏನು ವಿವರಿಸಿದರೋ, ಅಜ್ಜಿ ಕಣ್ಣೊರೆಸಿಕೊಂಡು ಮಂಗಳನ ಕೆನ್ನೆ ಸವರಿ ಹೋದರು. ರೂಪ ನನ್ನ ಸೀರೆ ಎಳೆದು, "ಮಾಮ್, ವೈ ಈಸ್ ಎವ್ರಿಬಡಿ ಕ್ರೈಯಿಂಗ್?" ಅಂದಳು. ಅಕ್ಕಿ ಖಾಲಿಯಾಯಿತಲ್ಲ ಅದಕ್ಕೆ ಅಂದೆ.

ಆದರೆ ಪೂರ್ತಿ ಖಾಲಿಯಾಗಿರಲಿಲ್ಲ. ಮಡಿಲು ತುಂಬಿಸಿಕೊಂಡವರು ಒಂದು ಹಿಡಿ ಅಕ್ಕಿ ತವರಿಗೇ ಬಿಟ್ಟು ಹೋಗಬೇಕು. ಮಂಗಳ ಹಿಡಿ ತುಂಬ ತೆಗೆದು ಅಕ್ಕನ ಸೆರಗಿಗೆ ಹಾಕಿದಳು. ಜಯಕ್ಕ ತಮ್ಮದೊಂದು ಹಿಡಿಯನ್ನು ನನ್ನ ಡಬ್ಬಕ್ಕೆ ಹಾಕಿದರು. ಸಂಜೆಯ ಫೆರ್ರಿಯಲ್ಲಿ ಅವರು ಕೈಬೀಸುತ್ತಾ ಹೋದರು. ಎದುರಿಗೆ ದೂರದಲ್ಲಿ ನಾವು ಸುತ್ತಬೇಕೆಂದಿದ್ದ ದ್ವೀಪದ ಬೆಟ್ಟಗಳು ನೀಲಿಯಾಗಿ ಕಾಣುತ್ತಿದ್ದವು. ಪುಟ್ಟಸ್ವಾಮಿ ಅತ್ತ ಕೈ ಮುಗಿದು, ನಿಂತಲ್ಲೇ ಮೂರು ಸುತ್ತು ತಿರುಗಿ, ಆತ್ಮಪ್ರದಕ್ಷಿಣೆ ಆಯಿತು ನಡೀರಿ ಸಾರ್ ಅಂದ. ಎಲ್ಲರೂ ನಕ್ಕೆವು.

ಮುಂದಿನ ತಿಂಗಳು ಗೌರಿ ಹಬ್ಬ. ಹಿಂದಿನ ದಿನ ಫೋನು ಬಂತು. ಮಂಗಳನ ದನಿ. "ವಿಮಲಕ್ಕ, ನಾಳೆ ತವರಿಗೆ ಬತ್ತಾ ಇವ್ನಿ. ಬಾಗಿನ ರೆಡಿ ಮಾಡಿಟ್ಟಿರಿ."

ನಾನು ಫೋನಿಟ್ಟವಳೇ ಅಡುಗೆಮನೆಗೆ ಹೋಗಿ ಬಾಗಿನಕ್ಕೆ ಅಕ್ಕಿ ಅಳೆಯತೊಡಗಿದೆ. ಆ ದ್ವೀಪವನ್ನು ನಾವು ಇವತ್ತಿಗೂ ಸುತ್ತಿಲ್ಲ. ಬಣ್ಣದ ಗೆರೆಗಳ ಆ ಮ್ಯಾಪನ್ನು ನಮ್ಮವರು ಎಸೆಯಲು ಬಿಡುವುದಿಲ್ಲ. ಮಂಗಳ ಈಗ ಇಲ್ಲೇ ಹತ್ತಿರದ ಸರಟೋಗಾದಲ್ಲಿದ್ದಾಳೆ, ಅವಳ ಮಗಳಿಗೂ ಮದುವೆಯಾಗಿದೆ. ಗೌರಿ ಹಬ್ಬದ ದಿನ ಮಾತ್ರ ಅವಳ ಕಾರು ಬೆಳಗ್ಗೆಯೇ ನಮ್ಮ ಮನೆ ಮುಂದೆ ನಿಲ್ಲುತ್ತದೆ. ಬಾಗಿನ ತೆಗೆದುಕೊಂಡು ಹೊರಡುವಾಗ ಅವಳು ತಾನಾಗಿಯೇ ಅಡುಗೆಮನೆಗೆ ಹೋಗಿ, ಒಂದು ಹಿಡಿ ಅಕ್ಕಿಯನ್ನು ನನ್ನ ಡಬ್ಬಕ್ಕೆ ಹಾಕಿ ಹೋಗುತ್ತಾಳೆ.