ಅರ್ಧಿಂಚಿನ ಹಸಿರು ಚುಕ್ಕಿ

ಬೀದಿಗೆಲ್ಲ ಅವನು ಅರ್ಧಿಂಚು. ಯಾರ ಅಂಗಿಯ ಅಳತೆ ತೆಗೆದರೂ "ಅರ್ಧ ಇಂಚು ಬಿಟ್ಟಿರ್ತೀನಿ, ಉಣ್ಣೋ ಮೈ" ಎನ್ನುವ ಟೈಲರಿಗೆ ಬೇರೆ ಹೆಸರು ಯಾಕೆ ಬೇಕು? ಮೂವತ್ತು ವರ್ಷದಲ್ಲಿ ಅವನ ಅಳತೆ ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ.

ನಿವಾಸಿಗಳ ಸಭೆ ಮಾತ್ರ ಅವನಿಗೆ ತಲೆಬುಡ ತಿಳಿಯದ ವ್ಯವಹಾರ. ಶಾಲೆಯ ಕೋಣೆಯಲ್ಲಿ ಮಕ್ಕಳ ಗಿಡ್ಡ ಬೆಂಚುಗಳ ಮೇಲೆ ಮುದುರಿ ಕೂತು ದೊಡ್ಡವರೆಲ್ಲ ಕೂಗಾಡುತ್ತಿದ್ದರು. ಒಬ್ಬ ಚರಂಡಿ ಅಂದರೆ ಇನ್ನೊಬ್ಬ ಬೀದಿದೀಪ. ಎತ್ತು ಏರಿಗೆ, ಕೋಣ ನೀರಿಗೆ. ಅರ್ಧಿಂಚು ಬಂದದ್ದು ಒಂದೇ ಕಾರಣಕ್ಕೆ. ಹೆಂಡತಿಯ ಮಂಡಿ ಸವೆದಿತ್ತು, ವಾರಕ್ಕೆರಡು ಸಲ ಆಸ್ಪತ್ರೆ. ಹೊಸ ಬಸ್ಸು ಈ ಉದ್ದನೆಯ ಬೀದಿಯಲ್ಲಿ ಒಂದೇ ಕಡೆ ನಿಲ್ಲುತ್ತದಂತೆ. ತಮ್ಮ ತುದಿಯಲ್ಲಿ ನಿಂತರೆ ಅವಳು ಯಾರ ಹೆಗಲೂ ಹಿಡಿಯದೆ ಹೋಗಿಬರಬಹುದು.

ಬಸ್ ಕಚೇರಿಯ ಮೇಡಂ ಬೀದಿಯ ನಕ್ಷೆಯನ್ನು ಮೇಜಿನ ಮೇಲೆ ಹಾಸಿ, ತಲೆಗೊಂದರಂತೆ ಹಸಿರು ಚುಕ್ಕಿಯ ಸ್ಟಿಕ್ಕರ್ ಕೊಟ್ಟರು. "ಬಸ್ ಎಲ್ಲಿ ನಿಲ್ಲಬೇಕೋ ಅಲ್ಲಿ ಅಂಟಿಸಿ."

ಬಟ್ಟೆಯ ಒಳಬದಿಗೆ ಸೀಮೆಸುಣ್ಣದ ಗೆರೆ ಎಳೆದು ಪಳಗಿದ ಕೈ ಅದು. ಎಡಕ್ಕೆ ಬರೆದದ್ದು ಮಗುಚಿದಾಗ ಬಲಕ್ಕೆ ಬರುತ್ತದೆ. ಮನೆ ಇರುವುದು ಎಡತುದಿಗೆ. ಆ ಗದ್ದಲದಲ್ಲಿ ಕನ್ನಡಕವನ್ನೂ ಹಾಕದೆ ಚುಕ್ಕಿಯನ್ನು ಬಲತುದಿಗೆ ಅಂಟಿಸಿಬಿಟ್ಟ. "ಅರ್ಧಿಂಚಿನ ಲೆಕ್ಕ ತಪ್ಪುತ್ತಾ?" ಎಂದು ನೆರೆಹೊರೆಯ ಹದಿನೆಂಟು ಮಂದಿ ತಮ್ಮದನ್ನೂ ಅಲ್ಲೇ ಒತ್ತಿದರು.

ಮುಂದಿನ ತಿಂಗಳು ನಿಲ್ದಾಣದ ಕಂಬ ಆ ತುದಿಯಲ್ಲಿ ಎದ್ದಿತು. "ನಮ್ಮ ಮಾತಿಗೆಲ್ಲಿದೆ ಬೆಲೆ, ಬಿಡೇ" ಎಂದು ಹೆಂಡತಿಯ ಮುಂದೆ ಎರಡು ದಿನ ಕಚೇರಿಯನ್ನು ಬೈದ. ಮೂರನೆಯ ದಿನ ಯಾರದೋ ಕುಪ್ಪಸದ ಬಟ್ಟೆ ಮಗುಚುತ್ತಿದ್ದವನ ಕೈ ನಿಂತಿತು. ಚುಕ್ಕಿಯನ್ನೂ ಹೀಗೇ ಮಗುಚಿದ ಲೆಕ್ಕದಲ್ಲಿ ಅಂಟಿಸಿದ್ದ. ಮಾಡಿದ್ದುಣ್ಣೋ ಮಹರಾಯ.

ಮುಂದಿನ ಸಭೆಗೆ ಹೆಂಡತಿಯೂ ಅವನ ಹೆಗಲು ಹಿಡಿದು ಬಂದಳು. "ತಪ್ಪು ನಂದು. ನಕ್ಷೇನ ಬಟ್ಟೆ ಅಂದ್ಕೊಂಡೆ" ಎಂದ. ಕೋಣೆಯೆಲ್ಲ ನಕ್ಕಿತು. ಮೇಡಂ ನಗಲಿಲ್ಲ. "ಇನ್ನೂ ಬದಲಾಯಿಸಬಹುದು, ಎಲ್ಲರೂ ಮತ್ತೆ ಅಂಟಿಸಿ" ಎಂದು ಹೊಸ ಚುಕ್ಕಿ ಹಂಚಿದರು.

ಆಗ ಆ ತುದಿಯ ಇಸ್ತ್ರಿ ಅಂಗಡಿಯ ಅಜ್ಜಿ ಕೋಲೂರಿ ಎದ್ದಳು. "ಕಂಬ ಬಂದ್ಮೇಲೆ ನಾನೊಬ್ಬಳೇ ಆಸ್ಪತ್ರೆಗೆ ಹೋಗ್ತಿದ್ದೀನಪ್ಪ. ಕಿತ್ತರೆ ಮತ್ತೆ ಸೊಸೆ ಕೆಲಸ ಬಿಟ್ಟು ಬರ್ಬೇಕು."

ಕಂಬ ಬದಲಿಸಲು ಒಪ್ಪದಿದ್ದರೆ ಕಚೇರಿಯ ಜೊತೆ ಜಗಳಕ್ಕೆಂದು ಅರ್ಧಿಂಚು ಮಾತು ಹೊಂದಿಸಿಕೊಂಡು ಬಂದಿದ್ದ, ಅಜ್ಜಿಯ ಜೊತೆಗಲ್ಲ. ತಾನು ಮಾಡಿದ್ದು ತಪ್ಪೋ ಪುಣ್ಯವೋ ಎಂದೇ ತಿಳಿಯದೆ, ಬೆರಳ ತುದಿಗೆ ಚುಕ್ಕಿ ಅಂಟಿಸಿಕೊಂಡು ನಿಂತ.

ಹೆಂಡತಿ ಅದನ್ನು ಬೆರಳಿಂದ ಕಿತ್ತು ಬೀದಿಯ ನಟ್ಟನಡುವೆ ಅಂಟಿಸಿದಳು. "ಅರ್ಧ ದೂರ ನಾನು ನಡೀತೀನಿ, ಅರ್ಧ ಅಜ್ಜಿ ನಡೀಲಿ."

"ನಿನ್ನ ಮಂಡಿ?"

"ನೋಯುತ್ತೆ ರೀ."

ಅವನು ಕನ್ನಡಕ ಹಾಕಿಕೊಂಡು ನಕ್ಷೆಯನ್ನು ಹಾಗೆ ತಿರುಗಿಸಿದ, ಹೀಗೆ ತಿರುಗಿಸಿದ. ಹೇಗೆ ನೋಡಿದರೂ ಚುಕ್ಕಿ ನಡುವೆಯೇ ಇತ್ತು. ಅಜ್ಜಿ ನಿಧಾನವಾಗಿ ಬಂದು ತನ್ನ ಚುಕ್ಕಿಯನ್ನು ಅದರ ಪಕ್ಕಕ್ಕೆ ಅಂಟಿಸಿದಳು, ಅರ್ಧ ಇಂಚು ಬಿಟ್ಟು.