ಎದುರಾಳಿಗಳ ಹೆಗಲು

ಗೆಳೆಯರೇ, ನಮ್ಮ ಫುಟ್‌ಬಾಲ್ ತಂಡದ ಯಜಮಾನರಾದ ಮರದ ಸಾಹುಕಾರ ರಂಗಪ್ಪನವರನ್ನು ಇಂದು ಕಳಿಸಿಕೊಟ್ಟೆವು. ದುರ್ಗಿಗುಡಿಯ ಅವರ ಮನೆಯೆದುರು ಚಟ್ಟ ಎತ್ತುವ ಹೊತ್ತಿಗೆ ಭದ್ರಾವತಿ ತಂಡದ ನಾಲ್ವರು ಬಂದು, ತಾವೂ ಹೆಗಲು ಕೊಡುತ್ತೇವೆ ಎಂದರು. ಎಲ್ಲರೂ ಕಾರ್ಖಾನೆಯ ಕೆಲಸಗಾರರು. ರಜೆ ಹಾಕಿ ಬೆಳಗಿನ ರೈಲಿಗೆ ಬಂದಿದ್ದರು.

ನಮ್ಮ ಗೋಲ್‌ಕೀಪರ್ ಸೀನ ಅಡ್ಡ ನಿಂತ. “ಹತ್ತು ವರ್ಷ ಆ ಮನುಷ್ಯನನ್ನ ಮೈದಾನದಲ್ಲಿ ಬೈದಿದ್ದೀರ. ಈಗ ಹೆಗಲು ಕೊಡ್ತೀರಾ? ಹೋಗ್ರಯ್ಯ!”

“ಬೈದಿದ್ದು ನಿಜ ಮಾರಾಯ,” ಎಂದ ಅವರ ಕ್ಯಾಪ್ಟನ್ ಸೆಲ್ವರಾಜ್. “ನನ್ನ ಕಾಲು ಮುರಿದಾಗ ನಿಮ್ ಕಡೆಯಿಂದ ಆಸ್ಪತ್ರೆಗೆ ಬಂದೋರು ಅವರೊಬ್ರೇ. ಅಲ್ಲೂ ಬೈದೆ. ಪಕ್ಕದಲ್ಲಿ ಕೂತು ಕಿತ್ತಳೆ ಸುಲಿದು ಕೊಟ್ರು.”

ಆದರೂ ಸೀನ ಚಟ್ಟದ ಬಿದಿರು ಬಿಡಲಿಲ್ಲ. ಬಾಗಿಲಲ್ಲಿ ನಿಂತಿದ್ದ ಯಜಮಾನರ ಹೆಂಡತಿ ಕಣ್ಣೊರೆಸಿಕೊಂಡು ಹೇಳಿದರು: “ಅರ್ಧ ದಾರೀಲಿ ಹೇಗೂ ಇಳಿಸಿ ಹೆಗಲು ಬದಲಾಯಿಸ್ತೀರಲ್ಲ ಸೀನ, ಅಲ್ಲಿಂದ ಅವರು ಹೊರಲಿ. ಹಾಫ್ ಟೈಮ್ ಅಂತ ತಿಳ್ಕೋ.”

ಹಾಗೆಯೇ ಆಯಿತು. ನಮ್ಮ ನಾಲ್ವರು ಒಬ್ಬರ ಹೆಜ್ಜೆಗೆ ಒಬ್ಬರು ಹೊಂದದೆ, ಎರಡು ಸಲ ಎಡವಿ, ಅರ್ಧ ದಾರಿ ಮುಟ್ಟಿಸಿದರು. ಅಲ್ಲಿಂದ ಭದ್ರಾವತಿಯವರು ತುಂಬಿದ ಕೊಡ ಹೊತ್ತವರಂತೆ ಒಂದೇ ಹೆಜ್ಜೆಯಲ್ಲಿ ತುಂಗೆಯ ದಡದವರೆಗೆ ನಡೆದರು. ಸೀನ ಅಳುತ್ತ ಸೆಲ್ವರಾಜನ ಪಕ್ಕದಲ್ಲೇ ಬಂದ.

ಯಜಮಾನರಿಗೆ ಒಂದು ಗಳಿಗೆ ಜೀವ ಬಂದಿದ್ದರೆ, ಆ ನಾಲ್ವರನ್ನೂ ದಾರಿಯಲ್ಲೇ ನಮ್ಮ ತಂಡಕ್ಕೆ ಸೇರಿಸಿಕೊಂಡು ಆಮೇಲೆ ಮಲಗುತ್ತಿದ್ದರು.